ಕರ್ತನ ಬಟ್ಟಲು, ನಮ್ಮ ಬೊಗಸೆ

ನಮ್ಮ ಕ್ರೈಸ್ತ ಸಭೆಯ ಚರಿತ್ರೆ ಬರೆಯಲು ಬಂದವರೆಲ್ಲ ಬಿಳಿ ಪಾದ್ರಿ ದೊರೆಗಳ ಚರಿತ್ರೆ ಬರೆದುಕೊಂಡು ಹೋಗುತ್ತಾರೆ. ಯಾವ ದೊರೆ ಬಳ್ಳಾರಿಯಿಂದ ಕುದುರೆ ಏರಿ ಬಂದ, ಯಾವ ಮರದ ಕೆಳಗೆ ನಿಂತು ಬೋಧಿಸಿದ, ಎಲ್ಲಿ ಜ್ವರ ಹಿಡಿದು ಮಲಗಿದ! ಸಿರುಗುಪ್ಪದ ದಾರಿಯಲ್ಲಿರುವ ನಮ್ಮ ಹಳ್ಳಿಯ ಮೊದಲ ಗುಡಿ ಊರ ಬಾಗಿಲ ಬಳಿ, ಗೌಡರ ಜಾಗದಲ್ಲಿತ್ತು. ಈಗಿನದು ನಮ್ಮ ಕೇರಿಯಲ್ಲಿದೆ. ಯಾಕೆ ಹೀಗಾಯಿತು ಎಂದು ಒಬ್ಬರಾದರೂ ಕೇಳಬೇಕಲ್ಲ? ಕೇಳದಿದ್ದರೆ ಬಿಡಲಿ, ನಾನೇ ಹೇಳುತ್ತೇನೆ. ನನ್ನ ಬಾಯಿ ಮುಚ್ಚಿಸುವವರು ಇನ್ನೂ ಹುಟ್ಟಿಲ್ಲ.

ನಾನು ಬೆಳೆದದ್ದು ಬಳ್ಳಾರಿಯ ದಂಡಿನ ಪ್ರದೇಶದಲ್ಲಿ. ನಾವು ಮಾದಿಗರು. ಅಪ್ಪ ಪಲ್ಟಣಿನ ಕುದುರೆಗಳಿಗೆ ಜೀನು ಹೊಲಿಯುತ್ತಿದ್ದ. ಅಲ್ಲಿನ ಮೆಥೊಡಿಸ್ಟ್ ಗುಡಿಯಲ್ಲಿ ಕರ್ತನ ಭೋಜನದ ದಿನ ಎಲ್ಲರೂ ಸಾಲಾಗಿ ಮೊಣಕಾಲೂರುತ್ತಿದ್ದೆವು. ರೊಟ್ಟಿಯ ಚೂರು ಅಂಗೈಗೆ ಬರುತ್ತಿತ್ತು, ಬಟ್ಟಲು ಕೈಯಿಂದ ಕೈಗೆ ದಾಟುತ್ತಿತ್ತು. ಒಂದೇ ಬಟ್ಟಲು, ಒಂದೊಂದು ಗುಟುಕು. ಇದರಲ್ಲಿ ಏನೋ ದೊಡ್ಡದಿದೆ ಎಂದು ನನಗೆ ಅನಿಸಿಯೇ ಇರಲಿಲ್ಲ.

ದೊಡ್ಡ ಬರ ಕಳೆದ ಮೇಲೆ ನನ್ನನ್ನು ಈ ಹಳ್ಳಿಗೆ ಕೊಟ್ಟರು. ಗಂಡನ ಮನೆಯವರು ಕಪಿಲೆಯಲ್ಲಿ ಬಾವಿನೀರು ಎತ್ತುವ ಚರ್ಮದ ಚೀಲ ಹೊಲಿಯುವವರು. ಕುರುಗೋಡು, ಬಾದನಹಟ್ಟಿಯ ರೈತರೂ ಅವರ ಹೊಲಿಗೆ ಹುಡುಕಿಕೊಂಡು ಬರುತ್ತಿದ್ದರು. ನನ್ನ ಅತ್ತೆ ಈ ಹಳ್ಳಿಯಲ್ಲಿ ಎಲ್ಲರಿಗಿಂತ ಮೊದಲು ಸಭೆಗೆ ಸೇರಿದವಳು. ನಮ್ಮ ಕೇರಿ ಅವಳ ಹಿಂದೆಯೇ ಬಂತು. ಗೌಡರ ಮನೆ ಸೇರಿದ್ದು ಆಮೇಲೆ, ಸಾಯುವಂತಿದ್ದ ಮಗನಿಗೆ ದೊರೆಯ ಔಷಧದಿಂದ ಗುಣವಾದ ಮೇಲೆ. ಜಾಗ, ಜಂತೆ, ಮಣ್ಣು ಎಲ್ಲ ಕೊಟ್ಟು ಮಾಳಿಗೆಯ ಗುಡಿ ಕಟ್ಟಿಸಿದ್ದು ಗೌಡರೇ. ಮುಂದಿನ ಚಾಪೆ ಅವರದು, ಹಿಂದಿನ ಬರಿ ನೆಲ ನಮ್ಮದು. ಅದನ್ನು ಹೇಗೋ ನುಂಗಿಕೊಂಡೆ.

ದೊರೆ ಮೂರು ತಿಂಗಳಿಗೊಮ್ಮೆ ಎತ್ತಿನ ಗಾಡಿಯಲ್ಲಿ ಬಂದು ಕರ್ತನ ಭೋಜನ ನಡೆಸುತ್ತಿದ್ದ. ನಾನು ಬಂದ ಮೇಲಿನ ಮೊದಲ ಸಲ ನೋಡುತ್ತೇನೆ, ಗೌಡರ ಮನೆಯವರು ಬಟ್ಟಲಿಗೆ ಬಾಯಿಟ್ಟು ಕುಡಿದರು. ನಮ್ಮವರ ಸರದಿ ಬಂದಾಗ ಎಲ್ಲರೂ ಬೊಗಸೆ ಒಡ್ಡಿ ಬಾಯಿ ಹತ್ತಿರ ಹಿಡಿದರು. ದೊರೆಯ ಕೈಕೆಳಗೆ ಊರಲ್ಲೇ ಇದ್ದು ಸಭೆ ನೋಡಿಕೊಳ್ಳುತ್ತಿದ್ದ ಉಪದೇಶಿ ಬಟ್ಟಲು ಹಿಡಿದು ಒಂದು ಗೇಣು ಮೇಲಿಂದ ಸುರಿಯುತ್ತ ಬಂದ. ನೆನೆಸಿದ ಒಣದ್ರಾಕ್ಷಿಯ ರಸ ಮೊಣಕೈವರೆಗೆ ಇಳಿಯುತ್ತಿತ್ತು. ಊರ ಬಾವಿಯ ಕಟ್ಟೆಯ ಕೆಳಗೆ ನಿಂತು ನೀರು ಬೇಡಿದ ಹಾಗೆಯೇ! ನನ್ನ ಮೈ ಉರಿದುಹೋಯಿತು. ಉಪದೇಶಿ ನನ್ನ ಮುಂದೆ ಬಂದು ಬಟ್ಟಲು ಎತ್ತಿದ. ನಾನು ಎರಡೂ ಕೈಯಿಂದ ಅದನ್ನು ಹಿಡಿದು, ಬಾಯಿಗೆ ಹಚ್ಚಿ ಕುಡಿದು, ವಾಪಸ್ಸು ಕೊಟ್ಟೆ.

ಮುಂದಿನ ಚಾಪೆಯವರೆಲ್ಲ ತಿರುಗಿ ನನ್ನನ್ನೇ ನೋಡಿದರು. ದೊರೆಗೆ ಏನೂ ತಿಳಿಯಲಿಲ್ಲ, ಪಾಪ. ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದ.

ಮರುದಿನ ಉಪದೇಶಿ ನಮ್ಮ ಅಂಗಳಕ್ಕೆ ಬಂದ. ಮೇಲಿನ ಕುಲದಿಂದ ಸಭೆಗೆ ಬಂದವನು, ಅಂಗಳ ದಾಟಿ ಒಳಗೆ ಯಾವತ್ತೂ ಬಂದವನಲ್ಲ. ನಿಂತಲ್ಲೇ ಅತ್ತೆಗೆ ಹೇಳಿದ: "ನಿನ್ನ ಸೊಸಿಗೆ ಬುದ್ಧಿ ಹೇಳವಾ. ಗೌಡ್ರು ಸಿಟ್ಟಾಗ್ಯಾರ. ಮುಂದಿನ ಸಲ ಎಲ್ಲಾರೂ ಮೊದಲಿನಂಗ ಬೊಗಸಿ ಒಡ್ಡಿದ್ರ ಸರಿ. ಇಲ್ಲಾಂದ್ರ ಜಾಗ ಬಿಟ್ಟು ಹೋಗ್ರಿ ಅಂತಾರ. ಗುಡಿ ಹೋದ್ರ ಎಲ್ಲಿ ಕೂಡ್ತೀರಿ?"

"ಕೇರ್‍ಯಾಗ ಕೂಡ್ತೀವಿ," ಅಂದೆ.

"ನೀ ಸುಮ್ನಿರು!" ಅತ್ತೆ ಗದರಿದಳು.

ಅವನು ಹೋದ ಮೇಲೆ ನನಗೆ ಮಂಗಳಾರತಿ ಆಯಿತು. "ದಂಡಿನಾಗ ಬೆಳದಾಕಿ, ನಿನಗೇನ್ ಗೊತ್ತಲೇ! ಬಿಸಲಾಗ ಮರದ ಕೆಳಗ ಕುಂತು ಹಾಡಿದಾಕಿ ನಾನು. ತಲಿ ಮ್ಯಾಲೊಂದು ಸೂರು ಬರಾಕ ಎಷ್ಟು ವರ್ಷ ಆತು! ಒಂದು ಗುಟುಕಿಗೆ ಅದನ್ನ ಕಳೀತೀಯೇನು?"

"ಗುಟುಕಿನ ಮಾತಲ್ಲ ಅತ್ತಿ, ಕೈಯ ಮಾತು. ನೀವು ಹೊಲಿದ ಚೀಲದಾಗ ಅವರ ಹೊಲಕ್ಕ ನೀರು ಬರ್ತೈತಿ. ಆ ಕೈ ಬಟ್ಲ ಮುಟ್ಟಿದ್ರ ಕರ್ತ ಓಡಿಹೋಗ್ತಾನೇನು? ಈ ಪದ್ಧತಿ ಯಾವ ಪುಸ್ತಕದಾಗ ಐತಿ, ತೋರಸ್ರಿ!"

ಅತ್ತೆ ರಂಪಿಗೆ ಉಳಿ ಎತ್ತಿಕೊಂಡು ಚರ್ಮ ಕೊಯ್ಯುತ್ತ ಕುಳಿತಳು. ಚರ್ಮವನ್ನೇ ನೋಡುತ್ತ ಹೇಳಿದಳು:

"ಪುಸ್ತಕದಾಗಿಲ್ಲ. ನಾನ ಮಾಡಿದ್ದು."

ಮೊದಲ ಭೋಜನದ ದಿನದ ಕಥೆ ಅದು. ದೊರೆ ಬಟ್ಟಲನ್ನು ಅವಳ ಕೈಗೇ ಚಾಚಿದ್ದನಂತೆ. ಹುಟ್ಟಿದಾಗಿನಿಂದ ಬೇರೆಯವರ ಪಾತ್ರೆ ಮುಟ್ಟದವಳು, ಕುಡಿಯಲು ಕೊಡುತ್ತಾರೆ ಎಂದ ಕೂಡಲೇ ಬೊಗಸೆ ಒಡ್ಡಿಬಿಟ್ಟಳು. ದೊರೆ ಕಕ್ಕಾಬಿಕ್ಕಿಯಾದ. ಉಪದೇಶಿಗೆ ಅರ್ಥವಾಯಿತು, ಬಟ್ಟಲು ಇಸಿದುಕೊಂಡು ಸುರಿದ. ಹಿಂದಿದ್ದವರು ಇದೇ ಕ್ರಮವಿರಬೇಕೆಂದು ಬೊಗಸೆ ಒಡ್ಡಿದರು. ದೊರೆಯೋ, ಎಂಥ ಭಕ್ತಿ ಇವರದು ಎಂದು ಕಣ್ಣೊರೆಸಿಕೊಂಡನಂತೆ! ಗೌಡರು ಸಭೆಗೆ ಬರುವ ಹೊತ್ತಿಗೆ ಅದು ಪದ್ಧತಿಯಾಗಿತ್ತು. ಅವರಿಗೂ ಅದೇ ಬೇಕಿತ್ತು.

"ಗೌಡ್ರು ಬಾಯಿಟ್ಟು ಕುಡಿಯೂದು ನೋಡಿ ಗೊತ್ತಾದ ಮ್ಯಾಲೆ ಯಾಕ ಸುಮ್ನಿದ್ರಿ?" ಎಂದೆ.

"ನನ್ನಿಂದ ಆದದ್ದು. ಯಾವ ಬಾಯಿಲೆ ಹೇಳ್ಲಿ?" ಅಂದಳು. ಅಷ್ಟು ಗಟ್ಟಿ ಹೆಂಗಸಿನ ಕಣ್ಣಲ್ಲಿ ನೀರು ಬಂದದ್ದನ್ನು ಅವತ್ತೇ ನೋಡಿದೆ. ಸಂಕಟವಾಯಿತು. ಆದರೂ ನಾನು ಬೊಗಸೆ ಒಡ್ಡುವುದಿಲ್ಲ ಅಂದೆ. ಒಡ್ಡು ಅಂತ ಅವಳೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ಆ ಮೂರು ತಿಂಗಳು ಕೇರಿಯಲ್ಲಿ ಬೇರೆ ಮಾತಿಲ್ಲ. ಕೆಲವರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಗಂಡ ಮಾತ್ರ, "ನೀ ಹಿಡದ್ರ ನಾನೂ ಹಿಡಿತೀನಿ, ಮುಂದಿಂದು ಮುಂದ," ಅಂದ. ಅವನದು ಕಡಿಮೆ ಮಾತು, ನನಗೆ ಅಷ್ಟೇ ಸಾಕಿತ್ತು. ಆದರೆ ಕೇರಿ ನಡೆಯುವುದು ಅತ್ತೆಯ ಹಿಂದೆ. ಅವಳು ಬೊಗಸೆ ಒಡ್ಡಿದರೆ ನಾವಿಬ್ಬರು ಹಿಡಿದು ಏನು ಬಂತು?

ಮತ್ತೆ ದೊರೆ ಬಂದ. ಗೌಡ, ಗೌಡ್ತಿ, ಮಕ್ಕಳೆಲ್ಲ ಮುಂದಿನ ಚಾಪೆಯಲ್ಲಿ. ನಮ್ಮವರು ಸೋಲುವುದನ್ನು ನೋಡಲು ಬಂದಂತಿತ್ತು ಅವರ ಠೀವಿ. ಭೋಜನಕ್ಕೆ ಕರೆದಾಗ ಗೌಡ್ತಿ ಮೊದಲು ಹೋಗಿ ಮೊಣಕಾಲೂರಿದಳು. ಅಷ್ಟರಲ್ಲಿ ಅತ್ತೆ ಹಿಂದಿನಿಂದ ಎದ್ದು, ಎಲ್ಲರನ್ನೂ ದಾಟಿ ಹೋಗಿ ಗೌಡ್ತಿಯ ಪಕ್ಕದಲ್ಲೇ ಮೊಣಕಾಲೂರಿದಳು. "ಈ ಸಭಿಗೆ ಮೊದಲು ಬಂದಾಕಿ ನಾನು. ನನಗ ಮೊದಲು ಕೊಡ್ರಿ," ಅಂದಳು. ಉಪದೇಶಿ ಗೌಡರ ಮುಖ ನೋಡಿದ. ಅತ್ತೆ ಬೊಗಸೆ ಒಡ್ಡಿದಳು.

ಗೌಡ ಆಗಲಿ ಎಂದು ತಲೆಯಾಡಿಸಿದ. ಮುಗಿಯಿತು ಅಂದುಕೊಂಡೆ.

ಉಪದೇಶಿ ಬಟ್ಟಲು ಎತ್ತಿದ. ಸುರಿಯಲು ಬಾಗಿಸುವಷ್ಟರಲ್ಲಿ ಅತ್ತೆಯ ಬೊಗಸೆ ಬಿಚ್ಚಿತು. ಚೀಲದ ಚರ್ಮ ಎಳೆದೆಳೆದು ಬಿಗಿಯಾದ ಆ ಕೈಗಳು ಬಟ್ಟಲನ್ನು ಗಟ್ಟಿಯಾಗಿ ಹಿಡಿದವು. ಅವನು ಎಳೆದ. ಅವಳು ಬಿಡಲಿಲ್ಲ. ಬಾಯಿಗೆ ಹಚ್ಚಿ, ಅವಸರವಿಲ್ಲದೆ, ಒಂದು ಗುಟುಕು ಕುಡಿದಳು. ಆಮೇಲೆ ಬಟ್ಟಲನ್ನು ಅವನಿಗೆ ಕೊಡದೆ ಗೌಡ್ತಿಯ ಕಡೆ ತಿರುಗಿದಳು.

"ತಗೋರಿ ಅವ್ವಾರೇ. ಕೈಯಾಗ ಕೊಡ್ಲ್ಯಾ, ಮ್ಯಾಲಿಂದ ಸುರೀಲ್ಯಾ?"

ಗೌಡ ದಡಕ್ಕನೆ ಎದ್ದ. "ಏಳು, ಮನಿಗೆ ಹೋಗೂಣು," ಎಂದು ಹೆಂಡತಿಗೆ ಹೇಳಿ, ಮಕ್ಕಳನ್ನು ಕರೆದುಕೊಂಡು ಹೊರಗೆ ನಡೆದ. ಗೌಡ್ತಿ ಅವನ ಬೆನ್ನು ನೋಡಿದಳು, ಬಟ್ಟಲು ನೋಡಿದಳು, ಅತ್ತೆಯ ಮುಖ ನೋಡಿದಳು. ಏಳಲಿಲ್ಲ.

"ಕೈಯಾಗ ಕೊಡು," ಅಂದಳು.