ಕೈಗುಣಕ್ಕೆ ಬಂದ ಕುತ್ತು

ಬಡವನಹಳ್ಳಿ ಹತ್ತಿರದ ನಮ್ಮೂರಿನಲ್ಲಿ ಕಡ್ಲೆಕಾಯಿ ಬಿತ್ತನೆ ಬಂತೆಂದರೆ ನಮ್ಮತ್ತೆಗೆ ಬಿಡುವಿರುವುದಿಲ್ಲ. ಟ್ರ್ಯಾಕ್ಟರ್ ತಿರುಗದ ತುಂಡು ಹೊಲಗಳಲ್ಲಿ ಇವತ್ತಿಗೂ ಹೆಂಗಸರು ನೇಗಿಲ ಹಿಂದೆ ನಡೆದು ಸಾಲಿಗೆ ಬೀಜ ಬಿಡಬೇಕು. ಮೊದಲ ಸಾಲಿಗೆ ಎಲ್ಲರಿಗೂ ನಮ್ಮತ್ತೆಯೇ ಬೇಕು. ಅವರ ಕೈಗುಣ ಒಳ್ಳೆಯದು, ಅವರು ಬಿಟ್ಟ ಬೀಜ ಹುಟ್ಟದೆ ಇರುವುದಿಲ್ಲ ಎಂದು ಊರೇ ಹೇಳುತ್ತದೆ. ಅತ್ತೆ ಕೇಳಿಸದವರಂತೆ ಸೆರಗು ಸರಿಮಾಡಿಕೊಳ್ಳುತ್ತಾರೆ. ಕೇಳಿಸಿರುತ್ತದೆ.

ನಾನು ಶಿರಾ ಪೇಟೆಯಲ್ಲಿ ಬೆಳೆದವಳು. ಮದುವೆಯಾಗಿ ಬಂದ ಮೊದಲ ವರ್ಷ, ಬಿತ್ತನೆಗೆಂದು ಎತ್ತಿಟ್ಟ ಕಾಯಿಯಲ್ಲಿ ಒಂದು ದೊಡ್ಡ ಮಂಕರಿ ಬುಟ್ಟಿಯಷ್ಟನ್ನು ಸುಲಿಯಲು ಅತ್ತೆ ನನ್ನ ಮುಂದಿಟ್ಟರು. ಮಷಿನ್ನಿಗೆ ಹಾಕಿದರೆ ಬೀಜ ಒಡೆಯುತ್ತದೆ, ಕೈಯಲ್ಲೇ ಸುಲಿಯಬೇಕು. ವಾರವಿಡೀ ಮಧುಗಿರಿಯ ಆಫೀಸಿನಲ್ಲಿ ಕಂಪ್ಯೂಟರ್ ಕುಟ್ಟುವ ನನ್ನ ಬೆರಳು ಅರ್ಧ ಗಂಟೆಗೇ ಉರಿಯತೊಡಗಿತು. ನಾನೂ ಬುದ್ಧಿವಂತೆ ತಾನೆ? ಯಾರೂ ಇಲ್ಲದಾಗ ಕಾಯಿಗೆ ಎರಡು ಚೊಂಬು ನೀರು ಚಿಮುಕಿಸಿ ಗೋಣಿಚೀಲ ಮುಚ್ಚಿದೆ. ಸಿಪ್ಪೆ ಮೆತ್ತಗಾಗಿ ಸರಸರನೆ ಬಿಟ್ಟುಕೊಂಡಿತು. ಅತ್ತೆಗಿಂತ ಮೊದಲು ಮುಗಿಸಿ, ಆ ಹಸಿ ಬೀಜವನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಿಗಿಯಾಗಿ ಕಟ್ಟಿಟ್ಟೆ.

"ಪ್ಯಾಟೆ ಹುಡುಗಿ ಆದ್ರೂ ಕೈ ಚುರುಕು ಕಣಮ್ಮ" ಎಂದರು ಅತ್ತೆ. ನಾನು ಉಬ್ಬಿಹೋದೆ.

ಹತ್ತು ದಿನ ಬಿಟ್ಟು ಹದವಾದ ಮಳೆ ಬಂತು. ಗಡಿಬಿಡಿಯಲ್ಲಿ ಬೀಜಕ್ಕೆ ಔಷಧಿ ಪುಡಿ ಬೆರೆಸಿದರು, ನನ್ನ ಬೀಜಕ್ಕೆ ಹಿಡಿದಿದ್ದ ಬೂಷ್ಟು ಅದರಡಿ ಅಡಗಿತು. ಅರ್ಧ ಹೊಲಕ್ಕೆ ಅತ್ತೆ ಸುಲಿದ ಚೀಲ, ಇನ್ನರ್ಧಕ್ಕೆ ನನ್ನದು. ಬೀಜ ಬಿಟ್ಟವರು ಅತ್ತೆಯೇ. ಹತ್ತು ದಿನವಾದರೂ ಅರ್ಧ ಹೊಲ ಬೋಳಾಗಿಯೇ ಇತ್ತು.

ಬದುವಿನ ಮೇಲೆ ಪಂಚಾಯಿತಿ ಸೇರಿತು. ಇರುವೆ ಹೊತ್ತೊಯ್ದಿವೆ ಎಂದರು ಮಾವ. ನೇಗಿಲು ಆಳ ಹೋಗಿದೆ ಎಂದರು ನಮ್ಮ ಯಜಮಾನರು. ಮಾರನೆಯ ದಿನ ಬಿತ್ತನೆಯಿದ್ದ ಪಕ್ಕದ ಹೊಲದಾಕೆ ಮಾತ್ರ ಬಹಳ ನಯವಾಗಿ, "ಈ ಸಲ ನಮ್ಮುಡುಗೀನೇ ಬೀಜ ಬುಡ್ತಾಳೆ ಬುಡಕ್ಕ, ನಿಂಗ್ಯಾಕೆ ತೊಂದ್ರೆ" ಎಂದಳು. ಅತ್ತೆ ತಮ್ಮ ಅಂಗೈ ನೋಡಿಕೊಂಡು ಸೆರಗಿಗೆ ಒರೆಸಿಕೊಂಡರು. ಬೋಳಾಗಿದ್ದುದು ನನ್ನ ಚೀಲದ ಬೀಜ ಬಿದ್ದ ಅರ್ಧ ಎಂದು ಆಗ ನನಗೆ ಹೊಳೆಯಿತು.

ಎಲ್ಲರೂ ಹೋದ ಮೇಲೆ ಬೋಳು ಸಾಲು ಕೆದಕಿದೆ. ಬೀಜ ಇದ್ದಲ್ಲೇ ಇತ್ತು, ಕಪ್ಪಾಗಿ ಕೊಳೆತು ಹುಳಿ ವಾಸನೆ ಬರುತ್ತಿತ್ತು. ಆದರೂ ತಪ್ಪು ನನ್ನದಲ್ಲ ಎನ್ನುವ ಆಸೆ. ಎರಡೂ ಚೀಲದ ತಳದಲ್ಲಿ ಉಳಿದಿದ್ದ ಬೀಜವನ್ನು ಬೇರೆ ಬೇರೆ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. ನಾಲ್ಕನೆಯ ದಿನ ಬಿಚ್ಚಿದರೆ ಅತ್ತೆಯ ಬೀಜಕ್ಕೆ ಬೆಳ್ಳನೆಯ ಮೊಳಕೆ, ನನ್ನದಕ್ಕೆ ಲೋಳೆ. ಅಷ್ಟರಲ್ಲಿ ಬೇರೆ ಯಾವ ಮನೆಯವರೂ ಅತ್ತೆಯನ್ನು ಬಿತ್ತನೆಗೆ ಕರೆದಿರಲಿಲ್ಲ. ಎರಡೂ ಬಟ್ಟೆ ಅವರ ಮುಂದಿಟ್ಟು ನೀರಿನ ಕಥೆಯನ್ನೆಲ್ಲ ಒಪ್ಪಿಸಿದೆ.

"ಆವತ್ತೇ ಹೇಳಿದ್ರೆ ಬಿಸ್ಲಿಗಾಕಿ ಒಣಗಿಸ್ತಿದ್ನಲ್ಲೇ" ಎಂದರು, ಅಷ್ಟೇ. ಎದ್ದು ನನ್ನನ್ನೂ ಕರೆದುಕೊಂಡು ಪಕ್ಕದ ಹೊಲದಾಕೆಯ ಮನೆಗೆ ಹೊರಟರು. ಮಧ್ಯೆ ಮಳೆ ಹಿಡಿದಿದ್ದರಿಂದ ಆಕೆಯ ಬಿತ್ತನೆ ಇನ್ನೂ ಆಗಿರಲಿಲ್ಲ. ನನ್ನ ಮರ್ಯಾದೆ ಇವತ್ತಿಗೆ ಮುಗಿಯಿತು ಎಂದುಕೊಂಡೆ.

ಅತ್ತೆ ಜಗುಲಿ ಮೇಲೆ ಕೂತು ಹೇಳಿದರು: "ನಂದೇ ತಪ್ಪು ಕಣಮ್ಮ. ಸುಲ್ದು ಸುಲ್ದು ಬೆಳ್ಳು ನೋವು ಅಂತ ಕಾಯಿಗೆ ನೀರಾಕ್ಬುಟ್ಟೆ. ಅದ್ಕೇ ಕೊಳ್ತೋಯ್ತು, ಕೈಗುಣಕ್ಕಲ್ಲ."

ನನಗೆ ಅಳು ಬಂತು. ಅತ್ತೆಯ ಮೇಲೆ ಅಷ್ಟು ಪ್ರೀತಿ ಅದಕ್ಕೆ ಮೊದಲು ನನಗೆ ಬಂದಿರಲಿಲ್ಲ. "ಅವರಲ್ಲ, ನೀರು ಹಾಕಿದ್ದು ನಾನು" ಎಂದೆ.

ಆಕೆ ನಮ್ಮಿಬ್ಬರ ಮುಖವನ್ನೂ ನೋಡಿದಳು. "ನಾಳೆ ಹೊತ್ನಂತೆ ಬಂದ್ಬುಡಕ್ಕ, ಮೊದ್ಲ ಸಾಲು ನಿಂದೇ" ಎಂದಳು. ಆಮೇಲೆ ನನ್ನ ಕಡೆ ಕೈ ತೋರಿಸಿ, "ಕಾಯಿ ಸುಲಿಯಾಕೆ ಮಾತ್ರ ಇವಳನ್ನ ಎಲ್ಲೂ ಕಳಿಸ್ಬ್ಯಾಡ" ಎಂದು ಸೇರಿಸಿದಳು. ಅತ್ತೆ ನಾಲ್ಕು ದಿನದ ಮೇಲೆ ಮೊದಲ ಸಲ ನಕ್ಕರು.