ಪಕ್ಕದಲ್ಲಿ ‘ನಗು’ ಎಂದು ಬರೆದ ಸಾಲು

ನಮ್ಮ ದೊಡ್ಡಮ್ಮನಿಗೆ ಒಂಬತ್ತು ಭಾಷೆಗಳಲ್ಲಿ ಹಾಡಲು ಬರುತ್ತದೆ. ಮಾತಾಡಲು ಬರುವುದು ಒಂದೇ ಭಾಷೆ, ಅದೂ ಸಿಟ್ಟು ಬಂದರೆ ಅರ್ಧಂಬರ್ಧ. ಯಾವ ಗುಂಡಿ ತಿರುಗಿಸಿದರೂ ಯಾವುದೋ ಒಂದು ಸೀಮೆ ಹಾಡುತ್ತದೆ ಎಂದು ಜನ ಅವಳಿಗೆ ‘ರೇಡಿಯೋ ಅಕ್ಕ’ ಎಂದು ಹೆಸರಿಟ್ಟಿದ್ದರು. ಮದುವೆ, ಅಂಗಡಿ ಉದ್ಘಾಟನೆ, ನಿವೃತ್ತರ ಬೀಳ್ಕೊಡುಗೆ, ಎಲ್ಲಿಗೆ ಕರೆದರೂ ನಾವು ಮೂವರು ಹೋಗುತ್ತಿದ್ದೆವು. ಹಾಡುವುದು ದೊಡ್ಡಮ್ಮ, ಕೀಬೋರ್ಡ್ ನುಡಿಸುವುದು ದೊಡ್ಡಪ್ಪ, ಮೂಲೆಯಲ್ಲಿ ಕೂತು ಮೈಕು ಕಿರುಚದ ಹಾಗೆ ನೋಡಿಕೊಳ್ಳುವುದು ನಾನು.

ಬೇರೆ ಭಾಷೆಯ ಹಾಡುಗಳನ್ನು ದೊಡ್ಡಪ್ಪ ಹತ್ತಾರು ಸಲ ಕೇಳಿ, ನಮ್ಮ ಅಕ್ಷರದಲ್ಲಿ ಒಂದು ಉದ್ದನೆಯ ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ಎಳೆಯಬೇಕು, ಎಲ್ಲಿ ನಗಬೇಕು ಎಂದು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಗುರುತು. ದೊಡ್ಡಮ್ಮ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದಳು. ಅರ್ಥದ ಗೊಡವೆ ಅವಳಿಗೆ ಇರಲಿಲ್ಲ. ಯಾರಾದರೂ ಕೇಳಿದರೆ, “ಅರ್ಥ ಕಟ್ಕೊಂಡು ಏನಾಗ್ಬೇಕು? ಸಕ್ಕರೆ ತಿನ್ನೋರು ಕಾರ್ಖಾನೆ ವಿಳಾಸ ಕೇಳ್ತಾರಾ?” ಅನ್ನುತ್ತಿದ್ದಳು. ನನಗೂ ಅದು ಸರಿಯೇ ಅನಿಸುತ್ತಿತ್ತು. ಕಾಲು ತಾಳ ಹಾಕುತ್ತಿರುವಾಗ ನಿಘಂಟು ಹುಡುಕುವವರು ಯಾರು?

ಅವಳ ಹಾಡುಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಒಂದು ಕುಣಿತದ ಹಾಡು. ದೊಡ್ಡಪ್ಪ ಮದುವೆಗೆ ಮುಂಚೆ ಆರು ವರ್ಷ ಒಂದು ಗಾಜಿನ ಕಾರ್ಖಾನೆಯಲ್ಲಿ ದುಡಿದಿದ್ದರು. ಅಲ್ಲಿ ಒಂದೇ ಕೋಣೆಯಲ್ಲಿದ್ದ ಪರಭಾಷೆಯ ಕೆಲಸಗಾರರಿಂದ ಕಲಿತದ್ದಂತೆ. ಆ ಭಾಷೆಯಲ್ಲಿ ‘ನೀರು ಕೊಡಿ, ಬಾಗಿಲು ಹಾಕಿ’ ಬಿಟ್ಟರೆ ತನಗೆ ಎಲ್ಲ ಮರೆತುಹೋಗಿದೆ ಎನ್ನುತ್ತಿದ್ದರು. ಆ ಹಾಡಿನ ಮೂರನೆಯ ಸಾಲಿಗೆ ದೊಡ್ಡಮ್ಮ ಎರಡೂ ಕೈ ಎತ್ತಿ ನಗುತ್ತಾ ಜನರಿಂದ ಚಪ್ಪಾಳೆ ತಟ್ಟಿಸುತ್ತಿದ್ದಳು. ಊಟದ ಸಾಲಿನಲ್ಲಿ ನಿಂತವರೂ ತಟ್ಟೆ ಕಂಕುಳಲ್ಲಿಟ್ಟುಕೊಂಡು ತಟ್ಟುತ್ತಿದ್ದರು. ದೊಡ್ಡಪ್ಪ ಮಾತ್ರ ಆಗ ಕೀಬೋರ್ಡಿನ ಮೇಲೆ ಬಗ್ಗಿ ತೋಳಿಗೆ ಕಣ್ಣು ಒರೆಸಿಕೊಳ್ಳುತ್ತಿದ್ದರು. ದೀಪ ಕಣ್ಣಿಗೆ ಹೊಡೆಯುತ್ತದೆ ಎನ್ನುತ್ತಿದ್ದರು. ನಾನು ದೀಪವನ್ನು ಎಷ್ಟು ಸಲ ಪಕ್ಕಕ್ಕೆ ತಿರುಗಿಸಿಟ್ಟೆನೋ ಲೆಕ್ಕವಿಲ್ಲ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡಬೇಕು. ಅವರಿಬ್ಬರಿಗೆ ಒಬ್ಬಳು ಮಗಳಿದ್ದಳು. ಒಂದೂವರೆ ವರ್ಷ ತುಂಬುವಷ್ಟರಲ್ಲಿ ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟಳು. ವಾರ ಕಳೆಯುವುದರೊಳಗೆ ದೊಡ್ಡಪ್ಪ ಅವಳ ಬಟ್ಟೆಬರೆಯನ್ನೆಲ್ಲ ಯಾರಿಗೋ ಕೊಟ್ಟು ಬಂದು, “ಹೋದದ್ದು ಹೋಯ್ತು. ಈ ಮನೇಲಿ ಇನ್ನು ಆ ಮಾತು ಬೇಡ” ಎಂದರಂತೆ. ನೆಂಟರಿಷ್ಟರು, ‘ಎಂಥಾ ಗಟ್ಟಿ ಗುಂಡಿಗೆ’ ಎಂದು ಹೊಗಳಿದರು. ದೊಡ್ಡಮ್ಮ ಬಾಯಿಗೆ ಬೀಗ ಹಾಕಿಕೊಂಡಳು. ಎದುರಿಗೆ ಅತ್ತರೆ ಗಂಡನಿಗೆ ಸಿಟ್ಟು, ಹಿಂದೆ ಅತ್ತರೆ ಕಣ್ಣು ಊದಿಕೊಂಡು ಗುಟ್ಟು ರಟ್ಟು. ಹಾಗಾಗಿ ಅವಳು ಅಳುವುದನ್ನೇ ಬಿಟ್ಟಳು. ಮರುವರ್ಷ ದೊಡ್ಡಪ್ಪ ಆ ಕುಣಿತದ ಹಾಡನ್ನು ಬರೆದುಕೊಟ್ಟರು.

ಹದಿನೇಳು ವರ್ಷ ಹಾಡಿದಳು. ಹೋದ ವರ್ಷ ಒಂದು ಮದುವೆಯ ಮಧ್ಯಾಹ್ನ, ಹಾಡು ಮುಗಿದು ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ಹೆಣ್ಣಿನ ಕಡೆಯ ಅಜ್ಜಿಯೊಬ್ಬರು ಸೊಸೆಯ ಕೈ ಹಿಡಿದುಕೊಂಡು ವೇದಿಕೆಯ ಹತ್ತಿರ ಬಂದರು. ಅವರು ಆ ಭಾಷೆಯವರು. ದೊಡ್ಡಮ್ಮ ಹೊಗಳಿಕೆ ಎಂದುಕೊಂಡು ಬಗ್ಗಿ ಕೈಮುಗಿದಳು.

“ಈ ಹಾಡಿಗೆ... ನೀನು ಯಾಕೆ ನಗೋದು?” ಎಂದರು ಅಜ್ಜಿ.

ಸೊಸೆ ಸಂಕೋಚದಿಂದಲೇ ಬಿಡಿಸಿ ಹೇಳಿದಳು. “ತಪ್ಪು ತಿಳ್ಕೋಬೇಡಿ ಅಕ್ಕಾ. ಇದು ಮಗು ಕಳ್ಕೊಂಡ ತಾಯಿ ಹೇಳೋದು. ‘ದರ್ಜಿಯಣ್ಣಾ, ಈ ವರ್ಷ ಅಳತೆ ತೆಗೀಬೇಡ, ನನ್ನ ಕೂಸು ಬೆಳೆಯೋದು ನಿಲ್ಲಿಸಿದೆ’ ಅಂತ. ನಮ್ಮ ಕಡೆ ದುಃಖಾನೂ ಇದೇ ತಾಳದಲ್ಲಿ ಹಾಡ್ತಾರೆ. ಗೊತ್ತಿಲ್ಲದೋರು ಕುಣೀತಾರೆ.”

ದೊಡ್ಡಮ್ಮ ಮೊದಲು ನಕ್ಕಳು. ತಮಾಷೆ ಇರಬೇಕು ಅಂದುಕೊಂಡಳೋ ಏನೋ. ಆಮೇಲೆ ತಿರುಗಿ, “ಇವರು ಹೇಳೋದು ಹೌದೇನ್ರೀ?” ಎಂದು ಕೇಳಿದಳು. ದೊಡ್ಡಪ್ಪ ಇನ್ನೂ ಎಂಟು ಹಾಡು ಬಾಕಿ ಇದ್ದಾಗಲೇ ವೈರು ಸುತ್ತತೊಡಗಿದರು.

ವೇದಿಕೆಯ ಹಿಂದೆ ಕುರ್ಚಿಗಳನ್ನು ಪೇರಿಸಿಟ್ಟ ಒಂದು ಕೋಣೆಯಿತ್ತು. ದೊಡ್ಡಮ್ಮ ಅಲ್ಲಿಗೆ ಹೋದಳು. ದೊಡ್ಡಪ್ಪನೂ ಹಿಂದೆಯೇ ಹೋದರು. ಬಾಗಿಲು ಮುಚ್ಚುವ ವ್ಯವಧಾನ ಇಬ್ಬರಿಗೂ ಇರಲಿಲ್ಲ. ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ.

“ನಿಮಗೆ ಗೊತ್ತಿತ್ತು.”

“ಸ್ವಲ್ಪ ಸ್ವಲ್ಪ...”

“ಸ್ವಲ್ಪ ಅಂದ್ರೆ ಎಷ್ಟು? ದರ್ಜಿ ಗೊತ್ತಿತ್ತಾ? ಕೂಸು ಗೊತ್ತಿತ್ತಾ?”

ದೊಡ್ಡಪ್ಪ ಒಂದು ಕುರ್ಚಿಯ ಬೆನ್ನು ಹಿಡಿದುಕೊಂಡರು. “ಎಲ್ಲಾ ಗೊತ್ತಿತ್ತು.”

“ಮತ್ತೆ ಆ ಸಾಲಿನ ಪಕ್ಕ ‘ನಗು’ ಅಂತ ಬರೆದವರು ಯಾರು?”

“ನಾನೇ. ನಗ್ತಾ ಹಾಡಿದ್ರೆ ನಿನಗೆ ಅನುಮಾನ ಬರಲ್ಲ ಅಂತ. ಅರ್ಥ ಗೊತ್ತಾದ್ರೆ ನೀನು ಅದನ್ನ ಹಾಡ್ತಿದ್ಯಾ? ಅದನ್ನ ಹಾಡುವಾಗ ನೀನು ಎಷ್ಟು ಖುಷಿಯಾಗಿರ್ತಿದ್ದೆ. ಅರ್ಥ ಯಾಕೆ ಬೇಕು ಅಂತ ನೀನೇ ಊರಿಗೆಲ್ಲ ಹೇಳ್ತಿದ್ದೆ.”

“ನಾನು ಹಾಗಂದಿದ್ದು ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ ಅಂದ್ಕೊಂಡು. ನೀವು ನನ್ನ ಬಾಯಲ್ಲಿ ಅತ್ಕೊಂಡು, ನನ್ನನ್ನ ಕುಣಿಸಿಬಿಟ್ರಲ್ಲ.”

“ನನಗೆ ಅಳೋಕೆ ಬೇರೆ ಜಾಗ ಇರ್ಲಿಲ್ಲ ಕಣೇ.”

“ನನಗಿತ್ತಾ?” ಎಂದಳು ದೊಡ್ಡಮ್ಮ.

ದೊಡ್ಡಪ್ಪನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅತ್ತದ್ದಕ್ಕಲ್ಲ, ಅಳಲಿ ಪಾಪ, ಹೆತ್ತ ಅಪ್ಪ. ಆದರೆ ಮನೆಯಲ್ಲಿ ದುಃಖಕ್ಕೆ ಬಾಗಿಲು ಹಾಕಿ, ತಾನೊಬ್ಬನೇ ಹಿತ್ತಿಲಿನಿಂದ ಹೋಗಿ ಬಂದು ಮಾಡುತ್ತಿದ್ದ ಮನುಷ್ಯ ಅವರು. ಅವಳು ಮಾತ್ರ ಹೊರಗೆ ನಿಂತು ತನ್ನ ಮಗುವಿನ ಸಾವಿಗೆ ನೂರಾರು ಜನರಿಂದ ಚಪ್ಪಾಳೆ ತಟ್ಟಿಸಿದಳು. ಇದನ್ನು ಮೋಸ ಅನ್ನದೆ ಇನ್ನೇನೆನ್ನಲಿ?

ದೊಡ್ಡಮ್ಮ ಹಾಡುವುದನ್ನು ನಿಲ್ಲಿಸಲಿಲ್ಲ. ಆ ಒಂದು ಹಾಡನ್ನು ಬಿಟ್ಟಳು, ಅಷ್ಟೇ. ಉಳಿದ ಹಾಡುಗಳನ್ನು ಹಿಡಿದುಕೊಂಡು ಆಯಾ ಭಾಷೆ ಬಲ್ಲವರ ಮನೆ ಹುಡುಕಿಕೊಂಡು ಹೋಗುತ್ತಾಳೆ. ಔಷಧಿ ಅಂಗಡಿಯವನು, ಆಸ್ಪತ್ರೆಯ ನರ್ಸು, ಲಾರಿ ಡ್ರೈವರು, ಯಾರಾದರೂ ಆದೀತು. ಒಂದೊಂದೇ ಪದ ಕೇಳಿ ಬರೆದುಕೊಳ್ಳುತ್ತಾಳೆ. ಮೊನ್ನೆ ಒಂದು ಪ್ರೇಮಗೀತೆಯ ಅರ್ಧ ಭಾಗ ಹೋರಿ ಕೊಳ್ಳುವ ಚೌಕಾಶಿ ಎಂದು ಗೊತ್ತಾಯಿತು. ಮೊದಲಾಗಿದ್ದರೆ ನಾವಿಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು. ದೊಡ್ಡಪ್ಪನನ್ನು ಮಾತ್ರ ಅವಳು ಯಾವ ಪದವನ್ನೂ ಕೇಳುವುದಿಲ್ಲ.

ಕಳೆದ ತಿಂಗಳು ನಾನು ಅವರ ಮನೆಯಲ್ಲಿದ್ದೆ. ದೊಡ್ಡಮ್ಮ ಪಾತ್ರೆ ತೊಳೆಯುತ್ತಿದ್ದಳು. ದೊಡ್ಡಪ್ಪ ಅಡುಗೆಮನೆಯ ಬಾಗಿಲಿಗೆ ಬಂದು, ಹೇಗೋ ಬಾಯಿ ಬಿಟ್ಟರು.

“ಇವತ್ತಿಗೆ ಅವಳಿಗೆ ಇಪ್ಪತ್ತು ತುಂಬ್ತಿತ್ತು.”

ದೊಡ್ಡಮ್ಮ ತಿರುಗಲಿಲ್ಲ. “ಯಾರಿಗೆ?” ಎಂದಳು.

ದೊಡ್ಡಪ್ಪ ಹೆಸರು ಹೇಳಲು ಹೋದರು. ದೊಡ್ಡಮ್ಮ ನಲ್ಲಿಯನ್ನು ಪೂರ್ತಿ ತೆರೆದಳು.