ತಿಳಿನೇರಳೆ ಅಕ್ಕ
ಯಾವ ಗೋಡೆಗೆ ಯಾವ ಬಣ್ಣ ಒಪ್ಪುತ್ತದೆಂದು ಹೇಳುವುದೇ ಈ ಅಕ್ಕನ ಕಸುಬು. ಚೀಲದ ತುಂಬ ಬಣ್ಣದ ತುಣುಕುಗಳಿದ್ದರೂ ಕೈ ಮಾತ್ರ ತಿಳಿನೇರಳೆಗೇ ಹೋಗುತ್ತದೆ. ಹಾಲಿಗೆ ಒಂದು ತೊಟ್ಟು ನೇರಳೆ ರಸ ಬಿದ್ದಂಥ ಆ ಬಣ್ಣವನ್ನು ಮಲಗುವ ಕೋಣೆಗೆ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ, ಒಮ್ಮೆ ಗುಜರಿ ಅಂಗಡಿಗೂ ಬಳಿಸಿದ್ದುಂಟು. ಮೂಗು ಮುರಿದವರಿಗೆ, "ಬೆಳಿಗ್ಗೆ ಬೂದಿ, ಸಂಜೆ ಗುಲಾಬಿ, ಒಂದು ಗೋಡೆ ದುಡ್ಡಿಗೆ ಎರಡು ಗೋಡೆ ಕಣ್ರೀ" ಎನ್ನುತ್ತಾಳೆ. ಒಬ್ಬರಿಗೆ ನೀಲಿಯೇ ಬೇಕು, ಇನ್ನೊಬ್ಬರಿಗೆ ಗುಲಾಬಿಯೇ ಬೇಕು ಎಂದು ಗಂಡ ಹೆಂಡತಿ ಜಟಾಪಟಿಗೆ ನಿಂತ ಮನೆ ಸಿಕ್ಕಿತೋ, ಆಕೆಗೆ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಂತೆ. ಎರಡನ್ನೂ ಬಿಳಿ ಪೇಂಟಿನ ಡಬ್ಬಕ್ಕೆ ಸುರಿದು, ತಿಳಿನೇರಳೆ ಆಗುವವರೆಗೆ ಕಡ್ಡಿಯಿಂದ ಕಲಸಿ, "ಈಗ ಹೇಳಿ, ಗೆದ್ದೋರು ಯಾರು?" ಎಂದು ಕೇಳುತ್ತಾಳೆ, ಇಬ್ಬರೂ ನಗುವವರೆಗೆ ಕಡ್ಡಿ ಕೆಳಗಿಡುವುದಿಲ್ಲ. ಇದೆಂಥ ಹುಚ್ಚು ಎಂದು ಆಕೆಯ ಅಣ್ಣನನ್ನು ಕೇಳಿದರೆ, ಅವನು ಹೇಳುತ್ತಾನೆ: "ನಮ್ಮಪ್ಪ ಅಮ್ಮ ಮಾತು ಬಿಟ್ಟಾಗ ನಡುಮನೇಲಿ ಗೆರೆ ಎಳೆದು, ಆ ಕಡೆ ನೀಲಿ, ಈ ಕಡೆ ಗುಲಾಬಿ ಬಳಿಸ್ಕೊಂಡ್ರು. ನಾನು ಅಪ್ಪನ ಕಡೆ ಸೇರ್ಕೊಂಡೆ. ಇವಳು ಮಾತ್ರ ದಿನಾ ಆ ಗೆರೆ ಮೇಲೇ ಚಾಪೆ ಹಾಸ್ಕೊಂಡು, ಆ ಕಡೆಗೊಂದು ಕೈ, ಈ ಕಡೆಗೊಂದು ಕೈ ಚಾಚಿ ಮಲಗೋಳು."